ಹಳೇ ನಿಬ್ಬು, ಬೇರೆ ಪೆನ್ನಿನ ಮೈ: ಜೋಡಿಸಲು ಕೊಡುವ ಮುಂಚೆ ಇದನ್ನು ಓದಿ

ಬೇರೆ ಬೇರೆ ಇಂಕ್ ಪೆನ್ನುಗಳ ಭಾಗ ಸೇರಿಸಿ ಒಂದು ಪೆನ್ನು ಮಾಡಿಕೊಡುತ್ತೇವೆ ಅಂದವರ ಕೈಗೆ ನಮ್ಮ ಮಾವನವರ ಪೆನ್ನಿನ ಚಿನ್ನದ ನಿಬ್ಬು ಕೊಟ್ಟಿದ್ದೆ. ವಾಪಸ್ ಬಂದಿದ್ದು ನಿಬ್ಬು ಸೀಳಿದ, ಇಂಕ್ ಕಾರುವ, ಬಿಚ್ಚಲೂ ಆಗದ ಒಂದು ಪದಾರ್ಥ. ಅಂಗಡಿ ಯಾವುದು ಅಂತ ಬರೆಯುವುದಿಲ್ಲ, ದುಡ್ಡಿನ ತಕರಾರು ಇನ್ನೂ ಮುಗಿದಿಲ್ಲ.

ಹಳೇ ಪೆನ್ನುಗಳ ಮೈಗೆ ಬಳಸುತ್ತಿದ್ದ ಸೆಲ್ಯುಲಾಯ್ಡ್ ಪ್ಲಾಸ್ಟಿಕ್ ವರ್ಷ ಕಳೆದಂತೆ ಕುಗ್ಗುತ್ತದೆ, ಸೊಟ್ಟಗಾಗುತ್ತದೆ. ಮಾವನವರ ಪೆನ್ನಿನ ಕೊಳವೆ ಹಾಗೇ ಬಿರುಕು ಬಿಟ್ಟಿತ್ತು. ನಿಬ್ಬು ಮಾತ್ರ ಚೆನ್ನಾಗಿತ್ತು, 14ಕೆ 585, ಅಂದರೆ 14 ಕ್ಯಾರಟ್ ಚಿನ್ನ ಅನ್ನುವ ಮುದ್ರೆ ಇರುವಂಥದ್ದು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ನಿಬ್ಬಿಲ್ಲದ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನೊಂದು ಸಿಕ್ಕಿತು, ಡ್ರಾಪರಿನಲ್ಲಿ ಕೊಳವೆಗೇ ಇಂಕ್ ತುಂಬುವ ಹಳೇ ಥರದ್ದು. ಅದರ ಮೈಗೆ ಇದರ ನಿಬ್ಬು. ಈ ಯೋಚನೆಯಲ್ಲಿ ತಪ್ಪಿಲ್ಲ, ಈಗಲೂ ಅದನ್ನೇ ಹೇಳುತ್ತೇನೆ. ಸರಿಯಾಗಿ ಜೋಡಿಸಿದ ಇಂಥ ಪೆನ್ನುಗಳು ಹೊಸ ಪೆನ್ನಿಗಿಂತ ಸೊಗಸಾಗಿ ಬರೆಯುವುದನ್ನು ನೋಡಿದ್ದೇನೆ.

"ಎಷ್ಟನೇ ನಂಬರ್ ನಿಬ್ಬು ಮೇಡಂ?"

"ಆರು ಅನ್ಸುತ್ತೆ, ಅಳತೆ ಮಾಡಿ ನೋಡಿ."

"ಅಳತೆ ಯಾಕೆ, ಆರಕ್ಕೆ ಆರು ಕೂತೇ ಕೂರುತ್ತೆ ಬಿಡಿ."

ಈ ಮಾತು ಕೇಳಿದರೆ ನಿಬ್ಬು ವಾಪಸ್ ಇಸ್ಕೊಳ್ಳಿ. ನಿಬ್ಬಿನ ನಂಬರು ಚಪ್ಪಲಿ ಸೈಜಿನ ಹಾಗೆ, ಕಂಪನಿ ಬದಲಾದರೆ ಅಳತೆಯೂ ಬದಲು. ಈಗ ತಯಾರಾಗುವ ಜರ್ಮನಿಯ ಜೋವೋ, ಬಾಕ್ ಕಂಪನಿಗಳ ನಿಬ್ಬು ಎರಡರಲ್ಲೂ ಆರನೇ ನಂಬರಿದೆ, ಆದರೆ ಒಂದರ ತಿರುಪಿನ ಹೌಸಿಂಗ್, ಅಂದರೆ ನಿಬ್ಬನ್ನು ಹಿಡಿದಿಡುವ ಕವಚ, ಇನ್ನೊಂದಕ್ಕೆ ಕೂರುವುದಿಲ್ಲ. ಹಳೇ ನಿಬ್ಬುಗಳ ವಿಷಯ ಕೇಳಲೇಬೇಡಿ. ಪಾರ್ಕರ್ 51 (1941ರಲ್ಲಿ ಮಾರುಕಟ್ಟೆಗೆ ಬಂದದ್ದು) ಪೆನ್ನಿನ ನಿಬ್ಬಂತೂ ಕೊಳವೆಯ ಆಕಾರದ್ದು, ಮಾಮೂಲಿ ಫೀಡಿನ (ನಿಬ್ಬಿನ ಕೆಳಗಿನ ತುಂಡು) ಮೇಲೆ ಅದು ನಿಲ್ಲುವುದೇ ಇಲ್ಲ.

ಮುಖ್ಯವಾಗಿ ಹೊಂದಬೇಕಾದ್ದು ನಿಬ್ಬಿನ ಒಳಬಾಗು ಮತ್ತು ಅದರ ಕೆಳಗಿರುವ ಗೀರುಗೀರಿನ ಕಪ್ಪು ತುಂಡು, ಅಂದರೆ ಫೀಡು. ಫೀಡಿನ ಸಣ್ಣ ಕಾಲುವೆಯಲ್ಲಿ ಇಂಕ್ ಮುಂದೆ ಬರುತ್ತದೆ, ಅಷ್ಟೇ ಗಾಳಿ ಹಿಂದಕ್ಕೆ ಹೋಗುತ್ತದೆ. ನಿಬ್ಬಿಗೂ ಫೀಡಿಗೂ ನಡುವೆ ಸಂದು ಬಿದ್ದರೆ ಇಂಕಿನ ಎಳೆ ಕಡಿದು ಅಕ್ಷರ ಹಾರುತ್ತದೆ. ಎಲ್ಲಿಂದಲೋ ಹೆಚ್ಚು ಗಾಳಿ ನುಗ್ಗಿದರೆ ಇಂಕ್ ಸುರಿಯುತ್ತದೆ. ಎಬೊನೈಟ್ ಫೀಡಾದರೆ ಬಿಸಿನೀರಲ್ಲಿ ಮೆತ್ತಗೆ ಮಾಡಿ ನಿಬ್ಬಿಗೆ ಒತ್ತಿ ಕೂರಿಸಬಹುದು. ಪ್ಲಾಸ್ಟಿಕ್ ಫೀಡಿಗೆ ಈ ಉಪಾಯ ನಡೆಯುವುದಿಲ್ಲ.

ನನ್ನ ಪೆನ್ನಿಗೆ ಹಾಕಿದ್ದು ಪ್ಲಾಸ್ಟಿಕ್ಕೇ, ಅದೂ ನಿಬ್ಬಿಗಿಂತ ದಪ್ಪದ್ದು. ತುರುಕಿದ ರಭಸಕ್ಕೆ ನಿಬ್ಬಿನ ಬುಡ ಅಗಲವಾಗಿ ಕೂದಲೆಳೆಯಷ್ಟು ಸೀಳು ಬಿಟ್ಟಿದೆ. ಆಮೇಲೆ ಅಲುಗಾಡದಿರಲಿ ಅಂತ ನಿಬ್ಬು, ಫೀಡು ಎರಡನ್ನೂ ಸೆಕ್ಷನ್ನಿಗೆ (ಬರೆಯುವಾಗ ಬೆರಳು ಹಿಡಿಯುವ ಭಾಗ) ಸೂಪರ್ ಗ್ಲೂ ಹಾಕಿ ಅಂಟಿಸಿದ್ದಾರೆ. ಕೊಳವೆಯ ಥ್ರೆಡ್ಡಿಗೆ ನಲ್ಲಿ ರಿಪೇರಿಯ ಟೆಫ್ಲಾನ್ ಟೇಪು. ನಿಬ್ಬು ಉದ್ದವಾಗಿ ಹೊರಗೆ ನಿಂತಿದ್ದರಿಂದ ಮೂಲ ಕ್ಯಾಪು ಮುಚ್ಚಿದರೆ ತುದಿ ತಗಲುತ್ತಿತ್ತಂತೆ, ಹಾಗಾಗಿ ಯಾವುದೋ ಬೇರೆ ಕ್ಯಾಪು. ಅದು ಸರಿಯಾಗಿ ಕಚ್ಚುವುದಿಲ್ಲ, ರಾತ್ರಿ ಕಳೆಯುವಷ್ಟರಲ್ಲಿ ನಿಬ್ಬು ಒಣಗಿರುತ್ತದೆ.

ತುಂಬಿದ ಹೊಸತರಲ್ಲಿ ಬರೆಯುತ್ತದೆ ಕೂಡ! ಕೊಳವೆ ಅರ್ಧ ಖಾಲಿಯಾದ ಮೇಲೆ ಶುರು ಆಟ. ಕೈ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ. ಡ್ರಾಪರ್ ಪೆನ್ನುಗಳಿಗೆ ಇದು ಸ್ವಲ್ಪ ಮಟ್ಟಿಗೆ ಸಹಜವೇ, ಆದರೆ ಒಳ್ಳೆಯ ಫೀಡು ಆ ಹೆಚ್ಚುವರಿಯನ್ನು ತನ್ನ ಗೀರುಗಳಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಇದರದ್ದು ಒಂದು ಬದಿಯ ಗೀರೆಲ್ಲ ಗ್ಲೂ ಹೀರಿ ಮುಚ್ಚಿಹೋಗಿದೆ. ಮೆಜೆಸ್ಟಿಕ್ ಬಸ್ಸಿನಲ್ಲಿ ಬ್ಯಾಗಿನೊಳಗೆ ನೀಲಿ ಕೆರೆಯಾದ ಮೇಲೆ ಕೇಳಲು ಹೋದರೆ, "ಬರೀತಾ ಬರೀತಾ ಸರಿಹೋಗುತ್ತೆ" ಅಂದರು. ಸೀಳು ತೋರಿಸಿದಾಗ ಅದು ಮೊದಲೇ ಇತ್ತು ಅಂದರು. ಪುಣ್ಯಕ್ಕೆ ಕೊಡುವ ಮುಂಚಿನ ಫೋಟೋ ಮೊಬೈಲಿನಲ್ಲಿತ್ತು. ಫೋಟೋ ನೋಡಿದ ಮೇಲೆ ಕೂಲಿ ವಾಪಸ್ ಕೊಡಲು ಒಪ್ಪಿದ್ದಾರೆ, ನಿಬ್ಬಿನ ಬೆಲೆ ಬಗ್ಗೆ ತುಟಿ ಬಿಚ್ಚುತ್ತಿಲ್ಲ.

ಅಂಟು ಹಾಕಲೇಬೇಕಾದ ಜಾಗಕ್ಕೆ ಪೆನ್ನು ರಿಪೇರಿಯವರು ಬಳಸುವುದು ಶೆಲ್ಲ್ಯಾಕ್, ಅಂದರೆ ಅರಗಿನಿಂದ ಮಾಡಿದ ಅಂಟು. ಹದವಾದ ಶಾಖ ಕೊಟ್ಟರೆ ಅದು ಬಿಡುತ್ತದೆ. ಸೂಪರ್ ಗ್ಲೂ ಹಾಗಲ್ಲ. ನಿಮ್ಮ ಪೆನ್ನಿಗೂ ಯಾರಾದರೂ ಅದನ್ನೇ ಹಾಕಿಕೊಟ್ಟಿದ್ದರೆ ದಯವಿಟ್ಟು ನೈಲ್ ಪಾಲಿಶ್ ರಿಮೂವರ್ ಹಚ್ಚಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಸೆಲ್ಯುಲಾಯ್ಡ್, ಅಕ್ರಿಲಿಕ್ ಎರಡೂ ಕರಗುತ್ತವೆ. ಸೆಲ್ಯುಲಾಯ್ಡನ್ನು ಬೆಂಕಿಯ ಹತ್ತಿರವೂ ಒಯ್ಯಬೇಡಿ, ಭಗ್ಗನೆ ಹೊತ್ತಿಕೊಳ್ಳುತ್ತದೆ.

ಕೊಡುವುದೇ ಆದರೆ ನಿಬ್ಬಿನ ಮುದ್ರೆ, ಬುಡ, ತುದಿ ಎಲ್ಲದರ ಫೋಟೋ ಅವರ ಎದುರಿಗೇ ತೆಗೆಯಿರಿ. ಯಾವ ಫೀಡು ಹಾಕುತ್ತಾರೆ, ಅಂಟು ಹಾಕುತ್ತಾರಾ ಅಂತ ಕೇಳಿ ಚೀಟಿಯಲ್ಲಿ ಬರೆಸಿ. ಉಳಿದ ಭಾಗಗಳನ್ನೂ ವಾಪಸ್ ಕೊಡಬೇಕು ಅಂತ ಸೇರಿಸಿ. ನನ್ನ ಮೂಲ ಕ್ಯಾಪು ಇವತ್ತಿಗೂ ಬಂದಿಲ್ಲ. ಪೆನ್ನು ಸಿದ್ಧವಾದಾಗ ಅಂಗಡಿಯಲ್ಲೇ ನಿಬ್ಬು, ಫೀಡು ಎಳೆದು ತೋರಿಸಲು ಹೇಳಿ, ಮತ್ತೆ ಕೂರಿಸಿದ ಮೇಲೆ ಬೆಳಕಿಗೆ ಹಿಡಿದು ನಡುವೆ ಸಂದಿದೆಯಾ ನೋಡಿ. ಕೊಳವೆಗೆ ಕಾಲು ಭಾಗ ಮಾತ್ರ ಇಂಕ್ ಹಾಕಿಸಿ, ಅಂಗೈಯಲ್ಲಿ ಬಿಗಿಯಾಗಿ ಹಿಡಿದು ಒಂದು ಪುಟ ಬರೆಯಿರಿ. ಪೂರ್ತಿ ತುಂಬಿ ತೋರಿಸಿದರೆ ದೋಷ ಗೊತ್ತಾಗುವುದೇ ಇಲ್ಲ.