ಓಟಿಯ ಹೆಪಾ ಫಿಲ್ಟರ್: ಗ್ಯಾಸ್ಕೆಟ್ ಸೀಲಾ, ಜೆಲ್ ಸೀಲಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜೆಲ್ ಸೀಲ್‌ಗೆ. ಬಳ್ಳಾರಿ ಕಡೆಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಎಎಚ್‌ಯು, ಅಂದರೆ ಆಪರೇಷನ್ ಥಿಯೇಟರಿಗೆ (ಓಟಿಗೆ) ಶುದ್ಧ ಗಾಳಿ ಕಳಿಸುವ ಯಂತ್ರ, ನೋಡಿಕೊಳ್ಳುವುದು ನನ್ನ ಕೆಲಸ. ಗಾಳಿಯ ಸೂಕ್ಷ್ಮ ಕಣ ಹಿಡಿಯುವ ಹೆಪಾ ಫಿಲ್ಟರಿನ ಅಂಚು ಸೋರದಂತೆ ಮುಚ್ಚಲು ರಬ್ಬರ್ ಪಟ್ಟಿ (ಗ್ಯಾಸ್ಕೆಟ್) ಇಲ್ಲವೇ ಜೆಲ್ ಬಳಸುತ್ತಾರೆ; ಎರಡನ್ನೂ ಹಾಕಿಸಿ ನೋಡಿದ್ದೇನೆ.

ಫಿಲ್ಟರ್ ಕಾಗದದಲ್ಲಿ ವ್ಯತ್ಯಾಸವಿಲ್ಲ. ಎಚ್14 ದರ್ಜೆ ಅಂದರೆ 99.995% ಕಣಗಳನ್ನು ಹಿಡಿಯುತ್ತದೆ. ಅತಿ ಸುಲಭವಾಗಿ ನುಸುಳುವ ಗಾತ್ರದ ಕಣಗಳಲ್ಲೂ 20,000ಕ್ಕೆ ಒಂದು ಮಾತ್ರ ದಾಟುತ್ತದೆ. ಆದರೆ ಗಾಳಿ ಕಾಗದದ ಮೂಲಕವೇ ಹೋಗಬೇಕು ಅಲ್ವಾ? ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಸಿಕ್ಕರೂ ಅಲ್ಲೇ ನುಗ್ಗುತ್ತದೆ.

ನಮಗೆ ಆಗಿದ್ದೂ ಅದೇ. ಒಂದನೇ ಓಟಿಗೆ ಗ್ಯಾಸ್ಕೆಟ್ ಇರುವ ಹೊಸ ಫಿಲ್ಟರ್ ಕೂರಿಸಿದರು. ಪ್ರೆಶರ್ ಗೇಜ್ ನೋಡಿ ಎಲ್ಲ ಸರಿ ಇದೆ ಅಂದರು, ನಾನೂ ನಂಬಿದೆ. ಆಮೇಲೆ ಪಿಎಒ ಪರೀಕ್ಷೆ, ಅಂದರೆ ಸೋರಿಕೆ ಪರೀಕ್ಷೆ. ಮೇಲಿಂದ ಎಣ್ಣೆಯ ಮಂಜು ಬಿಟ್ಟು, ಕೆಳಗೆ ಫೋಟೋಮೀಟರಿನ ಕೊಳವೆಯನ್ನು ಫಿಲ್ಟರಿಗೆ ಒಂದಿಂಚು ದೂರದಲ್ಲಿ ನಿಧಾನವಾಗಿ ಆಡಿಸುತ್ತಾರೆ, ಮೇಲಿನ ಮಂಜಿನ 0.01% ದಾಟಿದರೆ ಸೋರಿಕೆ. ನಡುವೆಲ್ಲ ಸೊನ್ನೆ. ಟೇಬಲ್ಲಿನ ತಲೆಭಾಗದ ಮೂಲೆಗೆ ಬಂದ ಕೂಡಲೇ ಅಂಕಿ ಏರಿತು.

ಬೋಲ್ಟ್ ಬಿಗಿ ಮಾಡಿದೆವು. ಆ ಮೂಲೆ ನಿಂತಿತು, ಎದುರಿನ ಮೂಲೆ ಸೋರಿತು. ಕೊನೆಗೆ ಇಳಿಸಿ ನೋಡಿದರೆ ರಬ್ಬರ್ ಪಟ್ಟಿ ಒಂದು ಕಡೆ ಚಪ್ಪಟೆಯಾಗಿತ್ತು, ಇನ್ನೊಂದು ಕಡೆ ಒತ್ತಿದ ಗುರುತೇ ಇರಲಿಲ್ಲ. ಫಿಲ್ಟರ್ ಕೂರುವ ಹೌಸಿಂಗ್ ಚೌಕಟ್ಟೇ ಸೊಟ್ಟ! ಎರಡು ದಿನ ಆಪರೇಷನ್ ಮುಂದೂಡಿದೆವು. ಮಂಡಿ ಆಪರೇಷನ್‌ಗೆ ಉಪವಾಸ ಇದ್ದು ಬಂದಿದ್ದ ಅಜ್ಜಿ ಗಾಲಿಕುರ್ಚಿಯಲ್ಲೇ ವಾಪಸ್ ಹೋದರು. ಅದು ಇನ್ನೂ ಮನಸ್ಸಿನಲ್ಲಿದೆ.

ಜೆಲ್ ಸೀಲ್‌ನಲ್ಲಿ ಫಿಲ್ಟರಿನ ಅಂಚಿಗೆ ಸುತ್ತಲೂ ಒಂದು ಕಾಲುವೆ, ಅದರ ತುಂಬ ಜೆಲ್. ಹೌಸಿಂಗಿನ ತೆಳು ಅಂಚು ಗಟ್ಟಿ ಮೊಸರಿಗೆ ಚಮಚ ಇಳಿದ ಹಾಗೆ ಅದರೊಳಗೆ ಇಳಿಯುತ್ತದೆ. ಬೋಲ್ಟಿನ ಬಿಗಿತದ ಮೇಲೆ ಎಲ್ಲ ನಿಂತಿರುವುದಿಲ್ಲ. ಆಮೇಲೆ ಒಂದನೇ ಓಟಿಗೆ ಇದನ್ನೇ ಹಾಕಿಸಿದೆವು, ಪಿಎಒ ಪರೀಕ್ಷೆ ಮೊದಲ ಸಲಕ್ಕೇ ಪಾಸಾಯಿತು.

ಬೆಲೆ ಜಾಸ್ತಿ, ನಿಜ. ಹಳೆಯ ಹೌಸಿಂಗ್‌ಗೆ ಕೂರುವುದಿಲ್ಲ, ಅದನ್ನೂ ಬದಲಿಸಬೇಕು. ಕೂರಿಸುವಾಗ ಜೆಲ್‌ಗೆ ಬೆರಳು ತಾಗಬಾರದು. ಆದರೆ ಇಲ್ಲಿನ ಕೆಂಪು ಧೂಳಿಗೆ ನಾವು ಹೆಪಾಗಿಂತ ಮೊದಲು ದಪ್ಪ ಧೂಳು ಹಿಡಿಯುವ ಪ್ರೀ-ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯುತ್ತೇವೆ, ಹಾಗಾಗಿ ಹೆಪಾ ಬೇಗ ಕಟ್ಟಿಕೊಳ್ಳುವುದಿಲ್ಲ, ಹಾಕಿದ ದುಡ್ಡು ಸುಮ್ನೆ ಹೋಗುವುದಿಲ್ಲ.

ಸ್ಪ್ಲಿಟ್ ಎಸಿ ಸಾಕಲ್ಲವಾ ಅನ್ನುವವರಿಗೆ: ಬೇಡ. ಅದು ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್ ಕೂಡ ಒಪ್ಪುವುದಿಲ್ಲ.

ಎರಡನೇ ಓಟಿಗೆ ದುಡ್ಡು ಸಾಲದೆ ಇನ್ನೂ ಗ್ಯಾಸ್ಕೆಟ್ಟೇ ಇದೆ. ಅಲ್ಲಿ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಸುತ್ತೇನೆ. ಪಿಎಒ ವರದಿ ಕೈಗೆ ಬರುವವರೆಗೆ ಬಿಲ್ಲಿಗೆ ಸಹಿ ಹಾಕುವುದಿಲ್ಲ.