ಹಡಗಿನ ಇಂಧನ ಉಳಿಸುವ ಅನುದಾನ: ನಮ್ಮ ಅನುಭವ

ಹಡಗಿನ ತಳದುದ್ದಕ್ಕೂ ಗಾಳಿಗುಳ್ಳೆಗಳ ಪದರ ಹರಿಸಿ ನೀರಿನ ಘರ್ಷಣೆ ತಗ್ಗಿಸುವ ವ್ಯವಸ್ಥೆಗೆ ನಾವು ಸರ್ಕಾರದ ಅನುದಾನ ಪಡೆದೆವು. 2050ರ ಆಸುಪಾಸಿಗೆ ಹಡಗು ಸಾರಿಗೆಯು ಹಸಿರುಮನೆ ಅನಿಲಗಳ ನಿವ್ವಳ ಶೂನ್ಯ ಹೊರಸೂಸುವಿಕೆ ತಲುಪಬೇಕೆಂದು ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2023ರಲ್ಲಿ ಗುರಿ ಇಟ್ಟಿರುವಾಗ, ಸಣ್ಣ ಮಾಲೀಕರಿಗೆ ಇದು ನಿಜಕ್ಕೂ ದೊಡ್ಡ ಆಸರೆ. ತಾಂತ್ರಿಕ ಪರಿಶೀಲನೆಯಂತೂ ಮೆಚ್ಚುವಂತಿತ್ತು: ಎಂಜಿನ್ ಕೋಣೆಗಿಳಿದ ಎಂಜಿನಿಯರ್, ಎಣ್ಣೆಯ ಕಲೆ ಹತ್ತಿದ ಲಾಗ್ ಪುಸ್ತಕವನ್ನು ಪುಟಪುಟವಾಗಿ ತಿರುವಿ, ಪ್ರತಿ ಯಾನದ ವೇಗವನ್ನೂ ಸುಟ್ಟ ಇಂಧನವನ್ನೂ ತಾಳೆ ನೋಡಿದರು. ವೇಗ ತುಸು ಏರಿದರೂ ಇಂಧನದ ಬಳಕೆ ಬಹಳ ಹೆಚ್ಚುವುದರಿಂದ, ಈ ತಾಳೆಯಿಲ್ಲದೆ ಉಳಿತಾಯದ ಲೆಕ್ಕವನ್ನು ನಂಬಲಾಗದು. ಆದರೆ ಅನುದಾನ ಕೈಸೇರಿದ್ದು ಕೆಲಸವೆಲ್ಲ ಮುಗಿದ ಮೇಲೆ. ಡ್ರೈಡಾಕ್‌ನ (ಹಡಗನ್ನು ನೀರಿಲ್ಲದೆ ನಿಲ್ಲಿಸಿ ತಳದ ಕೆಲಸ ಮಾಡುವ ಕಟ್ಟೆಯ) ಬಾಡಿಗೆಯನ್ನು ಮುಂಗಡವಾಗಿ ಕಟ್ಟಲು ನಾವು ಸಾಲ ಮಾಡಬೇಕಾಯಿತು. ಮೊದಲ ಕಂತನ್ನಾದರೂ ಒಪ್ಪಂದಕ್ಕೆ ಸಹಿ ಬಿದ್ದ ಕೂಡಲೇ ಬಿಡುಗಡೆ ಮಾಡಬೇಕು.