ಪಕ್ಕದ ಮನೆ ಹುಡುಗಿಗೆ ನಾನು ಆರಿಸಿಕೊಟ್ಟ ಇಂಗ್ಲಿಷ್ ಆ್ಯಪ್: 14 ತಿಂಗಳ ನಂತರ

ಮೊದಲೇ ಹೇಳಿಬಿಡುತ್ತೇನೆ, ಈ ಆ್ಯಪ್ ನನಗಾಗಿ ಕೊಂಡದ್ದಲ್ಲ. ನಾವಿರುವುದು ಚೀನಾದ ಸುಝೌನಲ್ಲಿ, ಶಾಂಘೈಯಿಂದ ರೈಲಿನಲ್ಲಿ ಅರ್ಧ ಗಂಟೆ. ಗಂಡನ ಕೆಲಸಕ್ಕೆ ಅಂತ ಬಂದವರು. ಹೋದ ವರ್ಷ ಇಲ್ಲಿನ ಹೊಸ ವರ್ಷದ ರಜೆ ಮುಗಿಯುತ್ತಿದ್ದ ಹಾಗೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಭಾರತದವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಲ್ವಾ, ಮಗಳಿಗೆ ಇವುಗಳಲ್ಲಿ ಯಾವುದು ಒಳ್ಳೆಯದು ಹೇಳಿ ಅಂತ ಫೋನು ಚಾಚಿದರು. ನಾಲ್ಕು ಆ್ಯಪ್ ಇದ್ದವು. ನಾನು ಒಂದಕ್ಕೆ ಬೆರಳು ತೋರಿಸಿದೆ. ವರ್ಷಕ್ಕೆ 298 ಯುವಾನ್, ನಮ್ಮ ಲೆಕ್ಕದಲ್ಲಿ ಸುಮಾರು ಮೂರೂವರೆ ಸಾವಿರ ರೂಪಾಯಿ. ಬೆರಳು ತೋರಿಸಿದ ತಪ್ಪಿಗೆ ಅವತ್ತಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಹುಡುಗಿ ನಮ್ಮ ಊಟದ ಮೇಜಿಗೆ ಹಾಜರ್.

ನನ್ನನ್ನು ಅವಳು ಕರೆಯುವುದು 'ಆಯೀ' ಅಂತ. ಚೀನೀ ಭಾಷೆಯಲ್ಲಿ ಹಾಗಂದರೆ ಆಂಟಿ. ನನ್ನದು ಶಿರಸಿ, ನಮ್ಮ ಮನೆಯಲ್ಲಿ ಆಯಿ ಅಂದರೆ ಅಮ್ಮ. ಮೊದಲ ಸಲ ಕೇಳಿದಾಗ ಕೈಲಿದ್ದ ಸೌಟು ಹಾಗೇ ನಿಂತುಬಿಟ್ಟಿತ್ತು. ನಾನು ಅವಳನ್ನು ಪುಟ್ಟಿ ಅಂತೇನೆ. ದುಡ್ಡಿನ ಮಾತಿಲ್ಲ, ನನ್ನ ವೀಸಾದಲ್ಲಿ ದುಡ್ಡು ತೆಗೆದುಕೊಂಡು ಪಾಠ ಮಾಡುವ ಹಾಗೂ ಇಲ್ಲ. ಅವಳು ಒಂದು ಪೊಟ್ಟಣ ಸೂರ್ಯಕಾಂತಿ ಬೀಜ ತರುತ್ತಾಳೆ, ನಾನು ಶುಂಠಿ ಚಾ ಮಾಡುತ್ತೇನೆ. ಚಾ ಅನ್ನುವ ಪದಕ್ಕೆ ಇಬ್ಬರಿಗೂ ಅನುವಾದ ಬೇಡ.

ಆ್ಯಪಿನಲ್ಲಿ ಎಷ್ಟು ಸಾವಿರ ಪ್ರಶ್ನೆ, ಎಷ್ಟು ಹಳೇ ಪೇಪರ್ ಇವೆ ಅನ್ನೋದೆಲ್ಲ ಡೌನ್‌ಲೋಡ್ ಪುಟದಲ್ಲೇ ಇದೆ, ಬಿಡಿ. ಪದಗಳ ಪಟ್ಟಿಯೂ ಇದೆ. ಅದು ಶುರುವಾಗುವುದೇ 'ಅಬ್ಯಾಂಡನ್' ಅನ್ನುವ ಪದದಿಂದ. ಇಲ್ಲಿನ ವಿದ್ಯಾರ್ಥಿಗಳಲ್ಲಿ ಇದೊಂದು ಹಳೇ ಜೋಕು: ಮೊದಲ ಪದ 'ಕೈಬಿಡು', ಅಲ್ಲಿಗೇ ಪುಸ್ತಕ ಕೈಬಿಟ್ಟೆವು ಅಂತ. ದಿನಾ ಓದಿದ ಮೇಲೆ 'ದಾಖಾ' ಒತ್ತಬೇಕು, ಅಂದರೆ ಹಾಜರಿ. ಒಂದು ದಿನ ತಪ್ಪಿದರೆ ಲೆಕ್ಕ ಮತ್ತೆ ಸೊನ್ನೆಗೆ. ಪುಟ್ಟಿಗೆ ಜ್ವರ ಬಂದ ದಿನ ಅವಳಪ್ಪ ಒತ್ತಿದ್ದರು.

ಮೊದಲ ಮೂರು ತಿಂಗಳು ನಾನು ಈ ಆ್ಯಪನ್ನು ಹೊಗಳಿದ್ದೇ ಹೊಗಳಿದ್ದು. ಇಲ್ಲಿ ಕಾಲೇಜಿಗೆ ಸೇರಲು ಬರೆಯುವ ಗಾವ್‌ಕಾವ್ ಪರೀಕ್ಷೆಗೆ ಒಟ್ಟು 750 ಅಂಕ, ಅದರಲ್ಲಿ ಇಂಗ್ಲಿಷಿಗೇ 150. ಓದಿ ಉತ್ತರಿಸುವ ಭಾಗಕ್ಕೆ 50, ಒಂದೊಂದು ಪ್ರಶ್ನೆಗೆ ಎರಡೂವರೆ. ಪುಟ್ಟಿ 35ರಿಂದ 45ಕ್ಕೆ ಏರಿದಳು. ಅವಳಮ್ಮ ಒಂದು ಚೀಲ ಚಕ್ಕೋತ ಕಳಿಸಿದರು.

ಆಮೇಲೆ ಒಂದು ಭಾನುವಾರ ನನ್ನ ಎದುರೇ ಒಂದು ಪಾಠ ಮಾಡಿದಳು. ಗಡಿಯಾರ ರಿಪೇರಿ ಮಾಡುವ ಒಬ್ಬ ಅಜ್ಜನ ಕಥೆ. ನಾಲ್ಕು ಪ್ರಶ್ನೆ, ಐದು ನಿಮಿಷ, ನಾಲ್ಕೂ ಸರಿ. ನಾನು ಚಾ ಸೋಸುತ್ತಾ ಸುಮ್ನೆ ಕೇಳಿದೆ, ಅಜ್ಜ ಕೊನೆಗೆ ಆ ಗಡಿಯಾರ ವಾಪಸ್ ಕೊಟ್ಟನಾ?

ಪುಟ್ಟಿ ತಲೆ ಎತ್ತಿ ನೋಡಿ ಅಂದಳು, "ಅದನ್ನು ಪ್ರಶ್ನೆಯಲ್ಲಿ ಕೇಳಿಲ್ಲ, ಆಯೀ."

ಈ ಆ್ಯಪ್ ಮೇಲೆ ನನ್ನ ಸಿಟ್ಟೆಲ್ಲ ಈ ಒಂದು ಮಾತಿನಲ್ಲಿದೆ. ಅದು ಕಲಿಸುವುದು ಉತ್ತರ ಹುಡುಕುವುದನ್ನು. ಮೊದಲು ಪ್ರಶ್ನೆ ಓದು, ಅದರಲ್ಲಿನ ಮುಖ್ಯ ಪದಕ್ಕೆ ಗೆರೆ ಎಳೆ, ಪಾಠದಲ್ಲಿ ಆ ಪದ ಎಲ್ಲಿದೆ ಅಂತ ಗುರುತಿಸು, ಹಿಂದೊಂದು ಮುಂದೊಂದು ಸಾಲು ನೋಡು, ಆಯ್ಕೆಗಳಲ್ಲಿ 'ಆಲ್ವೇಸ್' 'ನೆವರ್' ಇದ್ದರೆ ಹೊಡೆದುಹಾಕು, ಮುಂದಕ್ಕೆ ಹೋಗು. ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಚುರುಕಾಗಿ ಆರಿಸುತ್ತಾಳೆ ಹುಡುಗಿ. ಅನ್ನ ಮಾತ್ರ ಮಾಡುವುದಿಲ್ಲ.

ಬಿಸಿ ತಟ್ಟಿದ್ದು ಶಾಲೆಯ ಪರೀಕ್ಷೆಯಲ್ಲಿ. ಇಲ್ಲಿನ ಪೇಪರಿನಲ್ಲಿ ಅರ್ಧ ಕಥೆ ಕೊಟ್ಟು, ಮುಂದಿನ ಎರಡು ಪ್ಯಾರಾದ ಮೊದಲ ಸಾಲುಗಳನ್ನಷ್ಟೇ ಕೊಟ್ಟು, ಸುಮಾರು 150 ಪದದಲ್ಲಿ ನೀನೇ ಮುಗಿಸು ಅನ್ನುವ ಪ್ರಶ್ನೆಯೊಂದಿದೆ, ಅದಕ್ಕೆ 25 ಅಂಕ. ಗೆರೆ ಎಳೆಯೋಣ ಅಂದರೆ ಪ್ರಶ್ನೆಯೇ ಇಲ್ಲ, ಕಥೆ ಓದಲೇಬೇಕು. ಕಥೆಯಲ್ಲಿ ಮ್ಯಾಕ್ಸ್ ಅಂತ ಒಂದು ನಾಯಿ ಹಿಮದಲ್ಲಿ ತಪ್ಪಿಸಿಕೊಳ್ಳುತ್ತದೆ. ನಮ್ಮ ಪುಟ್ಟಿ ಬರೆದ ಮುಕ್ತಾಯದಲ್ಲಿ ಮ್ಯಾಕ್ಸ್ ಮನೆಗೆ ಫೋನ್ ಮಾಡಿ, ತಾನು ಕ್ಷೇಮವಾಗಿದ್ದೇನೆ, ಗಾಬರಿಯಾಗಬೇಡಿ ಅನ್ನುತ್ತಾನೆ! 25ಕ್ಕೆ 11 ಬಂತು. ನಾನು ನಕ್ಕುಬಿಟ್ಟೆ. ಅವಳು ಅತ್ತಳು. ಆಮೇಲೆ ಅವಳೂ ನಕ್ಕಳು ಅನ್ನಿ.

ಗ್ರಾಮರ್ ಭಾಗ ಇನ್ನೂ ಒಣ. ಚೀನೀ ಭಾಷೆಯಲ್ಲಿ 'ಆದರೂ' ಅಂತ ಶುರು ಮಾಡಿದರೆ ನಡುವೆ 'ಆದರೆ' ಬರುವುದು ವಾಡಿಕೆ. ಹಾಗಾಗಿ ಪುಟ್ಟಿ ಇಂಗ್ಲಿಷಿನಲ್ಲೂ 'ಆಲ್ದೋ' ಹಾಕಿ ಮತ್ತೆ 'ಬಟ್' ಹಾಕುತ್ತಾಳೆ. ಆ್ಯಪ್ ಕೆಂಪು ಗುರುತು ಹಾಕಿ 'ಬಟ್ ತೆಗೆಯಿರಿ' ಅನ್ನುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಇಂಗ್ಲಿಷಿನವರು ಒಂದು ಬಾಗಿಲಿಗೆ ಒಂದೇ ಚಿಲಕ ಹಾಕುತ್ತಾರೆ ಪುಟ್ಟಿ, ಅಂತ ನಾನೇ ಹೇಳಬೇಕಾಯಿತು. ಇನ್ನೊಂದು, ಮಾತಾಡುವಾಗ ಚೀನೀಯರಿಗೆ ಅವನು, ಅವಳು ಎರಡೂ 'ತಾ'. ಬರೆಯುವಾಗ ಮಾತ್ರ ಅಕ್ಷರ ಬೇರೆ. ಆ್ಯಪಿನಲ್ಲಿ 'ಹಿ', 'ಶಿ' ಅವಳು ಒಂದು ಸಲವೂ ತಪ್ಪಿಲ್ಲ. ಬಾಯಿ ಬಿಟ್ಟರೆ 'ಮೈ ಮದರ್ ಈಸ್ ಟಯರ್ಡ್, ಹಿ ಈಸ್ ಸ್ಲೀಪಿಂಗ್'. ಬರೀ ಬೆರಳೊತ್ತಿಸುವ ಆ್ಯಪಿಗೆ ಇದು ಕಾಣುವುದೇ ಇಲ್ಲ.

ಇಷ್ಟು ಬೈದರೂ ಬಿಡಲಿಲ್ಲ ಯಾಕೆ? ಒಂದು ಮೂಲೆಗಾಗಿ.

ದಿನಕ್ಕೊಂದು 'ಛಾಂಗ್ ನಾನ್ ಜ್ಯೂ' ಬರುತ್ತಿತ್ತು. ಉದ್ದ ಮತ್ತು ಕಷ್ಟದ ವಾಕ್ಯ ಅಂತ ಅರ್ಥ, ಇಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ ಮಾತು. ಒಂದೇ ಒಂದು ವಾಕ್ಯ. ಪ್ರಶ್ನೆ ಇಲ್ಲ, ಅಂಕ ಇಲ್ಲ. ಬೆರಳಿನಿಂದ ಒಂದೊಂದು ತುಂಡನ್ನು ಎಳೆದು ಅದು ಯಾವ ಪದಕ್ಕೆ ಸೇರಿದ್ದೋ ಅದರ ಕೆಳಗೆ ನೇತುಹಾಕಬೇಕು. ಶಾಲೆಯ ರಾತ್ರಿ ಓದು ಮುಗಿಸಿ ಅವಳು ಮನೆ ಸೇರುವಾಗ ಹತ್ತು ಗಂಟೆ. ಹತ್ತೂಕಾಲಿಗೆ ಆ ವಾಕ್ಯವನ್ನು ಜೋರಾಗಿ ಓದಿ ನನಗೆ ವೀಚಾಟಿನಲ್ಲಿ ಧ್ವನಿ ಕಳಿಸುತ್ತಿದ್ದಳು, ಹಿಂದೆ ಅವಳಮ್ಮ ಬಿಸಿನೀರು ಬಗ್ಗಿಸುವ ಸದ್ದೂ ಕೇಳುತ್ತಿತ್ತು. ತಪ್ಪಾದ ಪ್ರಶ್ನೆಗಳನ್ನೇ ಬರೆದಿಡುವ ಒಂದು ನೋಟ್‌ಬುಕ್ಕು ಇಲ್ಲಿನ ಮಕ್ಕಳು ಇಟ್ಟುಕೊಳ್ಳುತ್ತಾರೆ. ಪುಟ್ಟಿ ಅದನ್ನು ತಿರುಗಿಸಿ, ಹಿಂದಿನ ಪುಟದಿಂದ ಈ ವಾಕ್ಯಗಳನ್ನು ಬರೆಯತೊಡಗಿದಳು, ಮೂರು ಬಣ್ಣದ ಪೆನ್ನಿನಲ್ಲಿ.

ಒಂದು ದಿನದ ವಾಕ್ಯ ಹೀಗಿತ್ತು: 'ದ ಮ್ಯಾನ್ ಹೂ ಸೋಲ್ಡ್ ಮಿ ದ ಬೈಸಿಕಲ್ ದಟ್ ಬ್ರೋಕ್ ಡೌನ್ ಯೆಸ್ಟರ್ಡೇ ಹ್ಯಾಸ್ ಲೆಫ್ಟ್ ಟೌನ್.' ಊರು ಬಿಟ್ಟದ್ದು ಯಾರು, ಸೈಕಲ್ಲಾ ಮನುಷ್ಯನಾ? ಪುಟ್ಟಿಗೆ ಹತ್ತು ನಿಮಿಷ ಬೇಕಾಯಿತು. ನನಗೆ ನನ್ನ ಪಿಯುಸಿ ನೆನಪಾಯಿತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿ ಹೋದವಳು ನಾನು. ಇಂಥ ವಾಕ್ಯದಲ್ಲಿ 'ಹೂ', 'ದಟ್' ಬಂದ ಕೂಡಲೇ ಮುಂದೆ ಓದಲೋ ಹಿಂದೆ ಹೋಗಲೋ ತಿಳಿಯದೆ ಬೆವರುತ್ತಿದ್ದೆ. ಕನ್ನಡದಲ್ಲಿ ಹೇಳಿ ನೋಡಿ: ನಿನ್ನೆ ಕೆಟ್ಟುಹೋದ ಸೈಕಲ್ಲನ್ನು ನನಗೆ ಮಾರಿದ ಮನುಷ್ಯ ಊರು ಬಿಟ್ಟಿದ್ದಾನೆ. ಮನುಷ್ಯ ಬರುವುದು ಕೊನೆಗೆ, ಅವನ ಸಮಾಚಾರವೆಲ್ಲ ಮೊದಲು. ಪುಟ್ಟಿ ಅದನ್ನೇ ಚೀನೀ ಭಾಷೆಯಲ್ಲಿ ಹೇಳಿದಳು. ಅಲ್ಲೂ ಮೊದಲು ನಿನ್ನೆ, ಆಮೇಲೆ ಕೆಟ್ಟದ್ದು, ಆಮೇಲೆ ಸೈಕಲ್ಲು, ಕಟ್ಟಕಡೆಗೆ ಮನುಷ್ಯ! ಅವರು ಇದಕ್ಕೆ ಸೇರಿಸುವ ಪ್ರತ್ಯಯವೂ ಕಿವಿಗೆ 'ದ' ಅಂತಲೇ ಕೇಳುತ್ತದೆ. 'ಲೈ ದ' ಅಂದರೆ ಬಂದ, 'ಮೈ ದ' ಅಂದರೆ ಮಾರಿದ. ಆಕಸ್ಮಿಕವೇ, ಭಾಷೆಗಳಿಗೆ ನಂಟೇನಿಲ್ಲ, ಆದರೂ ಆ ಭಾನುವಾರ ನಾವಿಬ್ಬರೂ ಬಂದ, ಹೋದ, ತಿಂದ ಅಂತ ಬೀಜ ಒಡೆಯುತ್ತಾ ಸಂಜೆವರೆಗೆ ಕೂತಿದ್ದೆವು.

ಅಲ್ಲಿಂದ ಅವಳಿಗೊಂದು ಉಪಾಯ ಹೇಳಿಕೊಟ್ಟೆ. ಮೊದಲು ಮನುಷ್ಯನ ಕೈ ಹಿಡಿದುಕೋ, ಅವನು ಕೊನೆಗೆ ಏನು ಮಾಡಿದ ಅಂತ ಸಿಗುವವರೆಗೂ ಬಿಡಬೇಡ, ನಡುವೆ ಬಂದದ್ದೆಲ್ಲ ಅವನ ಸಾಮಾನು ಸರಂಜಾಮು. ಈಗ ಪುಟ್ಟಿ ಕಥೆಯನ್ನು ಕಥೆಯ ಹಾಗೆ ಓದುತ್ತಾಳೆ, ನಗುವ ಕಡೆ ನಗುತ್ತಾಳೆ. ಹೋದ ತಿಂಗಳು ಆ 25ರ ಪ್ರಶ್ನೆಗೆ 18 ಬಂತು.

ಇನ್ನು ಬೇಜಾರಿನ ಸಂಗತಿ. ಡಿಸೆಂಬರಿನಲ್ಲಿ ಆ್ಯಪ್ ಹೊಸ ವರ್ಷನ್ ಆಯಿತು. ಆ ವಾಕ್ಯದ ಮೂಲೆಯನ್ನು ತೆಗೆದು ಇನ್ನೂ ಜಾಸ್ತಿ ದುಡ್ಡಿನ ಮೆಂಬರ್‌ಶಿಪ್ಪಿಗೆ ಹಾಕಿದ್ದಾರೆ. ಅದರ ಜಾಗದಲ್ಲಿ ಈಗ ಹಾಜರಿ ಒತ್ತಿದರೆ ಕುಣಿಯುವ ಒಂದು ಪಾಂಡಾ. ಕಂಪನಿಗೆ ಬರೆದೆವು. ನಿಮ್ಮ ಸಲಹೆಗೆ ಧನ್ಯವಾದ ಅಂತ ಉತ್ತರ, ಅದೂ ಪಾಂಡಾ ಚಿತ್ರದ ಜೊತೆ. ಫೆಬ್ರವರಿಯಲ್ಲಿ ಹೇಳದೆ ಕೇಳದೆ ಇನ್ನೊಂದು 298 ಯುವಾನ್ ಅವಳಮ್ಮನ ಖಾತೆಯಿಂದ ಹೋಯಿತು. ಅವರು ಪರವಾಗಿಲ್ಲ ಅಂದರು. ಆರಿಸಿದವಳು ನಾನಲ್ವಾ, ನನಗೆ ಮುಖ ತೋರಿಸಲು ನಾಚಿಕೆಯಾಯಿತು. ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಮಾಡಿ ಕೊಟ್ಟುಬಂದೆ.

ಐದಕ್ಕೆ ಎರಡೂವರೆ ಸ್ಟಾರ್. ಹಳೇ ವರ್ಷನ್ನಿಗಾಗಿದ್ದರೆ ನಾಲ್ಕು ಕೊಡುತ್ತಿದ್ದೆ. ಇಲ್ಲಿರುವ ನಮ್ಮವರು ಮಕ್ಕಳಿಗೆ ಇಂಥದ್ದು ಕೊಡಿಸುವುದಾದರೆ ಒಂದು ತಿಂಗಳಿನದ್ದು ತಗೊಳ್ಳಿ, ವರ್ಷದ್ದು ಬೇಡ. ಕೊಂಡ ದಿನವೇ ಪೇಮೆಂಟ್ ಸೆಟ್ಟಿಂಗಿಗೆ ಹೋಗಿ ಆಟೋ ರಿನ್ಯೂ ಆಫ್ ಮಾಡಿ, ನಮ್ಮದರಲ್ಲಿ ಅದು ತಾನಾಗಿ ಆನ್ ಆಗಿಯೇ ಇತ್ತು. ನಮ್ಮಿಬ್ಬರ ಬಳಿ ಮುನ್ನೂರು ಚಿಲ್ಲರೆ ವಾಕ್ಯಗಳ ನೋಟ್‌ಬುಕ್ಕಿದೆ. ಜೂನ್ 8ರ ಮಧ್ಯಾಹ್ನ ಮೂರಕ್ಕೆ ಅವಳ ಇಂಗ್ಲಿಷ್ ಪೇಪರು, ಅಲ್ಲಿವರೆಗೆ ಅಷ್ಟು ಸಾಕು.